ಪ್ರಶ್ನೆ–ಉತ್ತರ: ಡಿಡಿಯ ಕ್ರಿಕೆಟ್, ಕನ್ನಡದ ಚಾನೆಲ್, ಊರಿನ ಕಬಡ್ಡಿಯ ಲೈವ್

ಆಟದ ಪ್ರಸಾರದ ಬಗ್ಗೆ ಕಾಸರಗೋಡು ಜಿಲ್ಲೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ. ಕಬಡ್ಡಿ ಲೈವ್ ಬಗ್ಗೆ ಮೂರು ಸಂಘಗಳವರು ಕೇಳಿದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ನಮ್ಮ ಮನೆಯಲ್ಲಿ ತಿಂಗಳ ಹಣವಿಲ್ಲದ ಡಿಡಿ ಡಿಶ್ ಇದೆ. ಭಾರತದ ಏಕದಿನ ಪಂದ್ಯ ಡಿಡಿ ಸ್ಪೋರ್ಟ್ಸ್‌ನಲ್ಲಿ ಬರುತ್ತದೆ. ತಂಗಿಯ ಮನೆಯ ಕೇಬಲಿನಲ್ಲಿ ಅದೇ ಚಾನೆಲ್ ಹಾಕಿದರೆ ಬೇರೆ ಯಾವುದೋ ಹಳೆಯ ಆಟ. ಕೇಬಲಿನವರು ತಡೆಹಿಡಿದಿದ್ದಾರೆಯೇ? (ಮಂಜೇಶ್ವರ)

ಇಲ್ಲ, ಕೇಬಲಿನವರನ್ನು ದೂರಬೇಡಿ. ರಾಷ್ಟ್ರೀಯ ಮಹತ್ವದ್ದೆಂದು ಕೇಂದ್ರ ಸರ್ಕಾರ ಪಟ್ಟಿಮಾಡಿದ ಪಂದ್ಯಗಳನ್ನು ಯಾವ ಖಾಸಗಿ ಚಾನೆಲ್ ಕೊಂಡಿದ್ದರೂ ಅದರ ಸಿಗ್ನಲನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಬೇಕು ಎಂದು 2007ರ ಕಾಯ್ದೆ ಹೇಳುತ್ತದೆ. ಟಿವಿ ಜಾಹೀರಾತಿನ ಆದಾಯದಲ್ಲಿ ಹಕ್ಕುದಾರರಿಗೆ ಕನಿಷ್ಠ 75 ಪಾಲು, ಪ್ರಸಾರ ಭಾರತಿಗೆ 25. ಇನ್ನೊಂದು ಕಡೆ, ದೂರದರ್ಶನದ ಚಾನೆಲ್‌ಗಳನ್ನು ಕೇಬಲಿನವರು ತೋರಿಸಲೇಬೇಕೆಂಬ ನಿಯಮವೂ ಇದೆ. ಎರಡೂ ಸೇರಿದಾಗ, ಕೋಟಿಗಟ್ಟಲೆ ಕೊಟ್ಟು ಕೊಂಡ ಪಂದ್ಯ ಕೇಬಲ್ ಮನೆಗಳಿಗೆಲ್ಲ ಪುಕ್ಕಟೆ ಹೋಗುತ್ತಿತ್ತು. ಇದರ ಮೇಲೆ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು: ಹಂಚಿಕೊಂಡ ಸಿಗ್ನಲ್ ಪ್ರಸಾರ ಭಾರತಿಯ ಸ್ವಂತ ಭೂಪ್ರಸಾರ ಗೋಪುರಗಳಿಗೆ ಮತ್ತು ಸ್ವಂತ ಡಿಟಿಎಚ್ ಆದ ಫ್ರೀ ಡಿಶ್‌ಗೆ (ನಿಮ್ಮ ಮನೆಯಲ್ಲಿರುವುದು ಅದೇ) ಮಾತ್ರ. ಹಾಗಾಗಿ ಪಂದ್ಯದ ದಿನ ಕೇಬಲಿಗೆ ಹೋಗುವ ಡಿಡಿಯಲ್ಲಿ ಬೇರೆ ಕಾರ್ಯಕ್ರಮ.

ತಂಗಿಯ ಮನೆಯಲ್ಲಿ ಕೇಬಲ್ ತೆಗೆಯಬೇಕಾಗಿಲ್ಲ. ಟಿವಿಯ ಇನ್ನೊಂದು ಇನ್‌ಪುಟ್‌ಗೆ ಫ್ರೀ ಡಿಶ್ ಪೆಟ್ಟಿಗೆ ಸಿಕ್ಕಿಸಿಟ್ಟರೆ ಸಾಕು. ಐಪಿಎಲ್ ಮಾತ್ರ ಈ ಪಟ್ಟಿಯಲ್ಲಿಲ್ಲ, ಅದನ್ನು ಅಲ್ಲಿ ಹುಡುಕಬೇಡಿ.

ಕೇಬಲ್ ಪ್ಯಾಕೇಜಿನಲ್ಲಿ ಮಲಯಾಳ, ಹಿಂದಿ, ಇಂಗ್ಲಿಷ್ ವಿವರಣೆ ಬರುತ್ತದೆ. ಕನ್ನಡದ ಸ್ಪೋರ್ಟ್ಸ್ ಚಾನೆಲ್ ಇಲ್ಲ. ಮಂಗಳೂರಿನಲ್ಲಿ ಬರುವುದು ಕುಂಬಳೆಯಲ್ಲಿ ಏಕೆ ಬರುವುದಿಲ್ಲ? (ಕುಂಬಳೆ)

ಚಾನೆಲ್ ಕಂಪನಿಗಳು ಪ್ಯಾಕೇಜ್ ಕಟ್ಟುವುದು ರಾಜ್ಯ ನೋಡಿ, ತಾಲೂಕು ನೋಡಿ ಅಲ್ಲ. ವೀಕ್ಷಕರ ಎಣಿಕೆಯೂ ಹಾಗೆಯೇ: ಟಿವಿ ವೀಕ್ಷಕರನ್ನು ಎಣಿಸುವ ಬಾರ್ಕ್ ಸಂಸ್ಥೆಯ ಲೆಕ್ಕದಲ್ಲಿ ಕೇರಳ ಒಂದು ಮಾರುಕಟ್ಟೆ, ಕರ್ನಾಟಕ ಇನ್ನೊಂದು. ಕುಂಬಳೆಯ ಮನೆಯಲ್ಲಿ ಕನ್ನಡ ಚಾನೆಲ್ ಎಷ್ಟು ನೋಡಿದರೂ ಆ ಚಾನೆಲ್ಲಿನ ಕರ್ನಾಟಕದ ರೇಟಿಂಗ್ ಏರುವುದಿಲ್ಲ, ಜಾಹೀರಾತಿನ ದರವೂ ಏರುವುದಿಲ್ಲ. ಕಾಸರಗೋಡಿನ ಕನ್ನಡಿಗರನ್ನು ಹುಡುಕಿಕೊಂಡು ಬರಲು ಅವರಿಗೆ ವ್ಯಾಪಾರದ ಕಾರಣವೇ ಇಲ್ಲ. ಬೇಸರದ ಸಂಗತಿ, ಆದರೆ ಬೇಕಾದರೆ ನಾವೇ ಕೇಳಿ ಪಡೆಯಬೇಕು.

ಕೇಳಿದರೆ ಸಿಗುತ್ತದೆ. 2019ರಲ್ಲಿ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಹಣ ಕೊಡುವ ಪ್ರತಿ ಚಾನೆಲ್‌ಗೂ ಬಿಡಿ ದರ ಇರಬೇಕು, ಪ್ಯಾಕೇಜೇ ಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಮೊದಲು ಕೇಬಲಿನವರ ಪೂರ್ತಿ ಪಟ್ಟಿ ತೆಗೆಸಿ ನೋಡಿ. ಎಷ್ಟೋ ಕಡೆ ಚಾನೆಲ್ ಅವರ ಹೆಡ್‌ಎಂಡ್‌ನಲ್ಲಿ (ಚಾನೆಲ್‌ಗಳ ಸಿಗ್ನಲ್ ಪಡೆದು ಕೇಬಲಿಗೆ ಬಿಡುವ ಕೇಂದ್ರ) ಇದ್ದೇ ಇರುತ್ತದೆ, ಪ್ಯಾಕೇಜಿಗೆ ಸೇರಿಸಿರುವುದಿಲ್ಲ ಅಷ್ಟೆ. ನಂಬರ್ ಹೇಳಿ ಬಿಡಿಯಾಗಿ ಹಾಕಿಸಿಕೊಳ್ಳಿ. ದರದ ಮೇಲೆ 18 ಶೇಕಡಾ ಜಿಎಸ್‌ಟಿ ಸೇರುತ್ತದೆ. ಹೆಡ್‌ಎಂಡ್‌ನಲ್ಲೇ ಇಲ್ಲದಿದ್ದರೆ ಒಬ್ಬರು ಫೋನ್ ಮಾಡಿ ಪ್ರಯೋಜನವಿಲ್ಲ. ಇಷ್ಟು ಮನೆಗಳಿಗೆ ಬೇಕು ಎಂದು ಸಹಿ ಹಾಕಿದ ಪತ್ರ ಕೊಡಿ. ಕೇಬಲಿನವರು ಕೇಳಿದರೆ ಚಾನೆಲ್ ಕಂಪನಿ ಸಿಗ್ನಲ್ ಕೊಡಲೇಬೇಕು, ಅದೂ ನಿಯಮ. ಡಿಟಿಎಚ್ ಇದ್ದವರಿಗೆ ಈ ತೊಂದರೆ ಇಲ್ಲ. ಉಪಗ್ರಹಕ್ಕೆ ತಲಪಾಡಿಯ ಗಡಿ ಗೊತ್ತಿಲ್ಲ. ಮಂಗಳೂರಿನಲ್ಲಿ ಸಿಗುವುದೆಲ್ಲ ಇಲ್ಲೂ ಬಿಡಿಯಾಗಿ ಸಿಗುತ್ತದೆ.

ಬಯಲಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಇಟ್ಟಿದ್ದೇವೆ. ಗಲ್ಫಿನಲ್ಲಿರುವ ಊರಿನವರಿಗಾಗಿ ಯೂಟ್ಯೂಬ್ ಲೈವ್ ಕೊಡಬೇಕು. ಕಳೆದ ವರ್ಷ ಸೆಮಿಫೈನಲ್ ಹೊತ್ತಿಗೆ ಚಿತ್ರ ನಿಂತುಹೋಯಿತು, ಧ್ವನಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಈ ಸಲ ಒಳ್ಳೆಯ ಕ್ಯಾಮರಾ ಬಾಡಿಗೆಗೆ ತಂದರೆ ಸರಿಯಾದೀತೇ? (ಬದಿಯಡ್ಕ, ಪೆರ್ಲ, ಮುಳ್ಳೇರಿಯ)

ಆಗದು. ನೀವು ಹೇಳಿದ ಎರಡೂ ತೊಂದರೆ ಕ್ಯಾಮರಾದ್ದಲ್ಲ. ಹಣ ಮೊದಲು ಇಂಟರ್ನೆಟ್ಟಿಗೆ ಹೋಗಲಿ, ಆಮೇಲೆ ಧ್ವನಿಗೆ, ಉಳಿದದ್ದು ಕ್ಯಾಮರಾಕ್ಕೆ.

ಸೆಮಿಫೈನಲ್ಲಿಗೇ ನಿಂತದ್ದಕ್ಕೆ ಕಾರಣವಿದೆ. ಮಧ್ಯಾಹ್ನ ಖಾಲಿ ಬಯಲಿನಲ್ಲಿ ಮೊಬೈಲ್ ವೇಗ ನೋಡಿದರೆ ಚೆನ್ನಾಗಿಯೇ ಇರುತ್ತದೆ. ರಾತ್ರಿ ಸಾವಿರ ಜನ ಅದೇ ಟವರಿಗೆ ಬಿದ್ದು ವಿಡಿಯೋ ಕಳಿಸತೊಡಗಿದಾಗ ಮೇಲಕ್ಕೆ ಹೋಗುವ ದಾರಿ ಕಟ್ಟಿಹೋಗುತ್ತದೆ. ಲೈವಿಗೆ ಬೇಕಾದದ್ದು ಅಪ್‌ಲೋಡ್, ಡೌನ್‌ಲೋಡ್ ಅಲ್ಲ. 720ಪಿ ಚಿತ್ರಕ್ಕೆ, ಸೆಕೆಂಡಿಗೆ 30 ಫ್ರೇಮ್ ಇದ್ದರೆ, ಯೂಟ್ಯೂಬ್ ಹೇಳುವುದು 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್). 1080ಪಿಗೆ 10. ನೀವು 720ಪಿಗೇ ನಿಲ್ಲಿ. ಗಲ್ಫಿನಲ್ಲಿ ಮೊಬೈಲಿನಲ್ಲಿ ನೋಡುವವರಿಗೆ ವ್ಯತ್ಯಾಸ ಕಾಣುವುದು ಕಡಿಮೆ, ನಿಂತು ನಿಂತು ಬಂದರೆ ಮಾತ್ರ ಎಲ್ಲರಿಗೂ ಕಾಣುತ್ತದೆ. 4 ಎಂಬಿಪಿಎಸ್ ಕಳಿಸಲು ಕನಿಷ್ಠ 8 ಎಂಬಿಪಿಎಸ್ ಅಪ್‌ಲೋಡ್ ಸ್ಥಿರವಾಗಿರಬೇಕು. ಗಂಟೆಗೆ 1.8 ಜಿಬಿ ಖರ್ಚು, ಎಂಟು ಗಂಟೆಗೆ 14 ಜಿಬಿ ದಾಟುತ್ತದೆ. ದಿನಕ್ಕೆ 2 ಜಿಬಿಯ ಸಿಮ್ ಹೆಚ್ಚುಕಡಿಮೆ ಒಂದೇ ಗಂಟೆಯಲ್ಲಿ ಮುಗಿಯುವುದು ಹೀಗೆ.

ಬಯಲಿಗೆ ಹತ್ತಿರದ ಮನೆ ಅಥವಾ ಅಂಗಡಿಯ ಫೈಬರ್ ಸಂಪರ್ಕ ಕೇಳಿ. ಅಲ್ಲಿಂದ 100 ಮೀಟರಿನೊಳಗಾದರೆ ಕ್ಯಾಟ್ 6 ಕೇಬಲ್ ಎಳೆದರಾಯಿತು. ಅದಕ್ಕಿಂತ ದೂರವಾದರೆ ಕೇಬಲಿನವರಿಂದ ಫೈಬರನ್ನೇ ಬಯಲಿಗೆ ತಾತ್ಕಾಲಿಕವಾಗಿ ಎಳೆಸಿ. ನೆಲದಲ್ಲಿ ಬಿಡಬೇಡಿ, ತಲೆಯ ಮೇಲಿಂದ ಕಟ್ಟಿ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: ಬಯಲಿನಲ್ಲಿ ಜನರೇಟರ್ ಇರುತ್ತದೆ, ಫೈಬರ್ ಬರುವ ಮನೆಯಲ್ಲಿ ಇರುವುದಿಲ್ಲ. ಆ ಮನೆಯ ಕರೆಂಟ್ ಹೋದರೆ ಮೋಡೆಮ್ ಆರುತ್ತದೆ, ಲೈವ್ ಕಡಿಯುತ್ತದೆ. ಮೋಡೆಮ್‌ಗೂ ಒಂದು ಯುಪಿಎಸ್ ಇಡಿ. ಮೊಬೈಲ್ ಇಂಟರ್ನೆಟ್ ಬದಲಿಗಾಗಿ ಮಾತ್ರ ಇರಲಿ, ಎರಡು ಬೇರೆ ಕಂಪನಿಗಳ ಸಿಮ್.

ಗುಂಯ್ ಸದ್ದು ಬರುವುದು ಲ್ಯಾಪ್‌ಟಾಪ್ ಒಂದು ಕಡೆಯ ವಿದ್ಯುತ್ತಿನಲ್ಲಿ, ಸೌಂಡಿನವರ ಮಿಕ್ಸರ್ ಇನ್ನೊಂದು ಕಡೆಯದರಲ್ಲಿ ಇದ್ದಾಗ. ಎರಡರ ಅರ್ಥಿಂಗ್ ನಡುವೆ ವ್ಯತ್ಯಾಸವಿದ್ದರೆ ಅದು ಆಡಿಯೋ ತಂತಿಯಲ್ಲಿ ಹರಿದು ಸದ್ದಾಗುತ್ತದೆ. ಪರೀಕ್ಷಿಸಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಸದ್ದು ನಿಂತರೆ ಇದೇ ರೋಗ. ಎರಡನ್ನೂ ಒಂದೇ ಪ್ಲಗ್ ಪಾಯಿಂಟಿಗೆ ತನ್ನಿ, ಆಗದಿದ್ದರೆ ಸೌಂಡಿನವರ ಬಳಿ ಇರುವ, ಎರಡರ ಅರ್ಥಿಂಗ್ ಬೇರ್ಪಡಿಸುವ ಡಿಐ ಬಾಕ್ಸ್ ನಡುವೆ ಹಾಕಿಸಿ. ಮಿಕ್ಸರಿನ ಲೈನ್ ಔಟ್ ಅನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಿದರೆ ಧ್ವನಿ ಒಡೆಯುತ್ತದೆ. ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಒಂದು ಬೇಕು.

ಸೌಂಡಿನವರಿಗೆ ಮೊದಲೇ ಹೇಳಿಡಬೇಕಾದ್ದು: ಲೈವಿಗೆ ಬೇರೆಯೇ ಔಟ್‌ಪುಟ್ ಕೊಡಿ, ಅದರಲ್ಲಿ ವಿವರಣೆಯ ಮೈಕ್ ಮಾತ್ರ ಇರಲಿ, ಹಾಡು ಬೇಡ. ದಾಳಿಯ ನಡುವೆ ಹಾಕುವ ಸಿನಿಮಾ ಹಾಡಿನ ತುಣುಕನ್ನು ಯೂಟ್ಯೂಬ್ ತಾನಾಗಿಯೇ ಗುರುತಿಸುತ್ತದೆ. ಹಾಡಿನ ಮಾಲೀಕರು ಹೇಳಿಟ್ಟಂತೆ ಜಾಹೀರಾತಿನ ಹಣ ಅವರಿಗೆ ಹೋಗಬಹುದು, ಲೈವೇ ನಿಲ್ಲಲೂಬಹುದು. ಪ್ರೇಕ್ಷಕರ ಗದ್ದಲಕ್ಕೆ ಸ್ಪೀಕರಿನಿಂದ ದೂರದಲ್ಲಿ ಒಂದು ಮೈಕ್ ಇಟ್ಟು ಮೆಲ್ಲಗೆ ಸೇರಿಸಿ. ಗದ್ದಲವೇ ಇಲ್ಲದ ಕಬಡ್ಡಿ ಸಪ್ಪೆ.

ಇನ್ನು ಕ್ಯಾಮರಾ. ಪುರುಷರ ಕೋರ್ಟು 13 ಮೀಟರ್ ಉದ್ದ, 10 ಮೀಟರ್ ಅಗಲ. ಮುಖ್ಯ ಕ್ಯಾಮರಾ ನಡುಗೆರೆಯ ನೇರಕ್ಕೆ ಇರಬೇಕು, ಆಗಲೇ ಎರಡೂ ಅಂಕಣ ಸಮನಾಗಿ ಕಾಣುವುದು. ಮೊಬೈಲಿನ ಸಾಮಾನ್ಯ ಲೆನ್ಸಾದರೆ ಹತ್ತಿರದ ಪಕ್ಕಗೆರೆಯಿಂದ ಸುಮಾರು 10 ಮೀಟರ್ ಹಿಂದೆ, ನೆಲದಿಂದ 3 ಮೀಟರ್ ಎತ್ತರದಲ್ಲಿ. ಎತ್ತರವಿಲ್ಲದಿದ್ದರೆ ಬೋನಸ್ ಗೆರೆ ಕಾಣದು, ಅಂಪೈರರ ಬೆನ್ನೇ ಕಂಡೀತು. ಆ ಅಟ್ಟಣಿಗೆ ಕ್ಯಾಮರಾದವರಿಗೆ ಮಾತ್ರ. ಅದರ ಮೇಲೆಯೇ ನಾಲ್ಕು ಜನ ಪ್ರೇಕ್ಷಕರು ಹತ್ತಿದರೆ ಪ್ರತಿ ಟ್ಯಾಕಲ್‌ಗೂ ಚಿತ್ರ ಕುಣಿಯುತ್ತದೆ. ಎರಡನೆಯ ಕ್ಯಾಮರಾ ಇದ್ದರೆ ಹಿಂಗೆರೆಯ ಮೂಲೆಯಲ್ಲಿ, ಎದೆಯ ಎತ್ತರಕ್ಕೆ.

ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆ ಪಟ್ಟೆಯಾಗಿ ಓಡುವುದಕ್ಕೂ ಕಾರಣವಿದೆ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೊಬೈಲ್ 1/60ರ ಅಥವಾ 1/120ರ ಶಟರ್ ಹಿಡಿದರೆ ತಾಳ ತಪ್ಪುತ್ತದೆ. ಪ್ರೊ ಮೋಡ್‌ಗೆ ಹೋಗಿ ಶಟರನ್ನು 1/100ಕ್ಕೆ ಕಟ್ಟಿಬಿಡಿ. ಕ್ಯಾಮರಾದಿಂದ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ತಂತಿ 10 ಮೀಟರ್ ದಾಟಿದರೆ ನಂಬಬೇಡಿ. ದೂರ ಹೆಚ್ಚಿದ್ದರೆ ಚಿತ್ರವನ್ನು ದೂರ ಒಯ್ಯುವ ಎಸ್‌ಡಿಐ ತಂತಿಗೆ ಬದಲಿಸುವ ಪರಿವರ್ತಕ ಹಾಕಿ, 100 ಮೀಟರಿನವರೆಗೂ ಅದು ತಾಳುತ್ತದೆ.

ಮಿಕ್ಸಿಂಗಿಗೆ ಒಬಿಎಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಬಿಟ್‌ರೇಟ್ ಸ್ಥಿರ, ಕೀಫ್ರೇಮ್ 2 ಸೆಕೆಂಡ್, ಆಡಿಯೋ 128 ಕೆಬಿಪಿಎಸ್ ಎಂದಿಡಿ. ಅಂಕ ಹಾಕುವವರು ಬೇರೆಯೇ ಇರಲಿ, ಅಧಿಕೃತ ಸ್ಕೋರರ್ ಮೇಜಿನ ಪಕ್ಕದಲ್ಲೇ ಕೂರಲಿ. ದೂರದಿಂದ ನೋಡಿ ಅಂಕ ಹಾಕಿದರೆ ಲೋನಾದ (ಎದುರಾಳಿಗಳೆಲ್ಲ ಔಟಾದಾಗ ಸಿಗುವ) ಎರಡು ಅಂಕ ತಪ್ಪುವುದು ಖಂಡಿತ, ಮತ್ತೆ ಕಮೆಂಟಿನಲ್ಲಿ ಜಗಳ.

ಚಾನೆಲ್ ಹೊಸದಾದರೆ ಲೈವ್ ತೆರೆಯಲು 24 ಗಂಟೆ ಹಿಡಿಯಬಹುದು, ಹಿಂದಿನ ವಾರವೇ ಮಾಡಿಡಿ. ಮೊಬೈಲಿನಿಂದಲೇ ಲೈವ್ ಕೊಡುವುದಾದರೆ ಕನಿಷ್ಠ 50 ಚಂದಾದಾರರು ಬೇಕು. 12 ಗಂಟೆ ಮೀರಿದ ಲೈವಿನ ದಾಖಲೆ ಪೂರ್ತಿಯಾಗಿ ಉಳಿಯುವುದನ್ನು ನೆಚ್ಚುವಂತಿಲ್ಲ. ಸಂಜೆ ಶುರುವಾಗಿ ಬೆಳಗಾಗುವ ಪಂದ್ಯಾಟವಾದರೆ ಕ್ವಾರ್ಟರ್ ಫೈನಲ್ ಮುಗಿದಾಗ ಒಂದು ಲೈವ್ ಮುಗಿಸಿ ಇನ್ನೊಂದು ತೆರೆಯಿರಿ.

ಹೊರಗಿನ ತಂಡಕ್ಕೆ ಕೆಲಸ ಕೊಡುವುದಾದರೆ ಒಂದು ಪುಟದ ಕರಾರು ಬರೆಸಿ. ಲೈವ್ ಯಾರ ಚಾನೆಲ್ಲಿನಲ್ಲಿ, ಮೂಲ ರೆಕಾರ್ಡಿಂಗ್ ಯಾರದ್ದು, ಪರದೆಯ ಮೇಲೆ ಯಾರ ಜಾಹೀರಾತು. ಇದನ್ನು ಬರೆದಿಡದ ಸಂಘ ಮುಂದಿನ ವರ್ಷ ತನ್ನದೇ ಫೈನಲಿನ ಚಿತ್ರಕ್ಕಾಗಿ ಬೇರೆಯವರನ್ನು ಬೇಡಬೇಕಾಗುತ್ತದೆ.

ಐಪಿಎಲ್ ಫೈನಲನ್ನು ಬಯಲಿನಲ್ಲಿ ದೊಡ್ಡ ಪರದೆ ಕಟ್ಟಿ ತೋರಿಸಬಹುದೇ? (ನೀರ್ಚಾಲು)

ಟಿಕೆಟ್ ಇಟ್ಟು ತೋರಿಸುವಂತಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಮಿನಂತೆ ಪ್ರಸಾರಕರಿಗೆ 25 ವರ್ಷದ ಹಕ್ಕು ಇದೆ, ಹಣ ಪಡೆದು ಸಾರ್ವಜನಿಕರಿಗೆ ತೋರಿಸುವುದು ಅದರ ಉಲ್ಲಂಘನೆ. ಪುಕ್ಕಟೆಯಾದರೂ ಮನೆಯ ಚಂದಾದ ಷರತ್ತು ಸ್ವಂತ ಬಳಕೆಗೆ ಮಾತ್ರ. ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಬರಹದಲ್ಲಿ ತೆಗೆದುಕೊಳ್ಳಿ.

ಪಕ್ಕದ ಮನೆಯವರು ಕೂಗಿ ಅರ್ಧ ನಿಮಿಷವಾದ ಮೇಲೆ ನನ್ನ ಮೊಬೈಲಿನಲ್ಲಿ ವಿಕೆಟ್ ಬೀಳುತ್ತದೆ. ಏಕೆ? (ಉಪ್ಪಳ)

ಅವರದ್ದು ಡಿಶ್. ಸಿಗ್ನಲ್ 36,000 ಕಿ.ಮೀ. ಎತ್ತರದ ಉಪಗ್ರಹಕ್ಕೆ ಹೋಗಿ ಬರಲು ಕಾಲು ಸೆಕೆಂಡ್ ಸಾಕು, ಉಳಿದ ಕೆಲಸಕ್ಕೆ ಕೆಲವೇ ಸೆಕೆಂಡ್. ಮೊಬೈಲಿಗೆ ಚಿತ್ರ ಹೋಗುವುದು ಕೆಲವು ಸೆಕೆಂಡಿನ ತುಂಡುಗಳಾಗಿ. ಎರಡು ಮೂರು ತುಂಡು ಕೈಯಲ್ಲಿದ್ದ ಮೇಲೆಯೇ ಆಪ್ ತೋರಿಸತೊಡಗುತ್ತದೆ, ನೆಟ್‌ವರ್ಕ್ ತಗ್ಗಿದರೂ ಚಿತ್ರ ನಿಲ್ಲಬಾರದೆಂದು. ನಡುವೆ ನಿಲ್ಲಿಸಿದ್ದರೆ ಇನ್ನಷ್ಟು ಹಿಂದೆ ಬೀಳುತ್ತೀರಿ. ‘ಲೈವ್’ ಗುಂಡಿ ಒತ್ತಿ.

ತಳಂಗರೆಯ ಮೊಹಮ್ಮದ್ ಅಜರುದ್ದೀನ್ ರಣಜಿ ಸೆಮಿಫೈನಲಿನಲ್ಲಿ ಆಡಿದ್ದನ್ನು ಊರೇ ನೋಡಿತು. ಲೀಗ್ ಪಂದ್ಯಗಳನ್ನೂ ಹೀಗೆಯೇ ಏಕೆ ತೋರಿಸುವುದಿಲ್ಲ? (ಕಾಸರಗೋಡು)

2025ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಅವರು ಔಟಾಗದೆ 177. ಮೊದಲ ಇನಿಂಗ್ಸ್‌ನಲ್ಲಿ ಕೇರಳ 457, ಗುಜರಾತ್ 455. ಆ ಎರಡು ರನ್ನಿನ ಮುನ್ನಡೆಯಿಂದ ಕೇರಳ ಮೊದಲ ಸಲ ಫೈನಲಿಗೆ ಹೋಯಿತು. ಗುಜರಾತಿನ ಕೊನೆಯ ವಿಕೆಟ್ ಶಾರ್ಟ್ ಲೆಗ್‌ನಲ್ಲಿ ನಿಂತವರ ಹೆಲ್ಮೆಟಿಗೆ ಬಡಿದು ಸ್ಲಿಪ್‌ನಲ್ಲಿ ಕ್ಯಾಚ್ ಆದದ್ದು. ಕ್ಯಾಮರಾ ಇರದಿದ್ದರೆ ಅದನ್ನು ಮಾತಿನಲ್ಲಿ ಹೇಳಿದರೆ ಯಾರು ನಂಬುತ್ತಿದ್ದರು?

ರಣಜಿಯ ಮೇಲಿನ ದರ್ಜೆಯಾದ ಎಲೀಟ್ ವಿಭಾಗದಲ್ಲಿ 32 ತಂಡ. ಎಂದರೆ ಲೀಗಿನ ಒಂದು ಸುತ್ತಿಗೆ 16 ಮೈದಾನದಲ್ಲಿ ಏಕಕಾಲಕ್ಕೆ ಪಂದ್ಯ, ನಾಲ್ಕು ನಾಲ್ಕು ದಿನ. ಪ್ರತಿಯೊಂದಕ್ಕೂ ಕ್ಯಾಮರಾ ತಂಡ, ಪ್ರಸಾರದ ವ್ಯಾನ್, ಉಪಗ್ರಹ ಅಥವಾ ಫೈಬರ್ ಕೊಂಡಿ ಬೇಕು. ನಾಲ್ಕು ದಿನ ಪೂರ್ತಿ ಜಾಹೀರಾತು ತುಂಬುವುದಿಲ್ಲ. ಹಕ್ಕಿನ ಹಣ ಬರುವುದು ಬೇರೆ ಕಡೆಯಿಂದ: 2022ರ ಹರಾಜಿನಲ್ಲಿ ಐಪಿಎಲ್‌ನ ಐದು ವರ್ಷಗಳಿಗೆ 48,390 ಕೋಟಿ ರೂಪಾಯಿ, ಭಾರತದ ಟಿವಿ ಹಕ್ಕಷ್ಟೇ ಪಂದ್ಯಕ್ಕೆ 57.5 ಕೋಟಿ. 2023ರಲ್ಲಿ ತವರಿನ 88 ಅಂತಾರಾಷ್ಟ್ರೀಯ ಪಂದ್ಯಗಳಿಗೆ 5,963 ಕೋಟಿ. ರಣಜಿ ಈ ಎರಡನೆಯ ಹಕ್ಕಿನ ಜತೆಗೆ ಬರುತ್ತದೆ, ಅದಕ್ಕೆಂದೇ ಯಾರೂ ಹಣ ಕೊಡುವುದಿಲ್ಲ. 2022ರಲ್ಲಿ ಐಪಿಎಲ್‌ನ ಟಿವಿ ಹಕ್ಕು ಒಬ್ಬರಿಗೆ, ಮೊಬೈಲ್ ಹಕ್ಕು ಇನ್ನೊಬ್ಬರಿಗೆ ಹೋಗಿತ್ತು. 2024ರ ನವೆಂಬರಿನಲ್ಲಿ ಆ ಇಬ್ಬರೂ ಒಂದೇ ಕಂಪನಿಯಾದರು. ಪೈಪೋಟಿ ಇಲ್ಲದಾಗ ಸಣ್ಣ ಪಂದ್ಯಗಳನ್ನು ಹೆಚ್ಚು ತೋರಿಸುವ ಆತುರ ಕಡಿಮೆಯಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಎರಡು ಸ್ಥಿರ ಕ್ಯಾಮರಾ ಇಟ್ಟು ಎಲ್ಲ ಲೀಗ್ ಪಂದ್ಯಗಳನ್ನೂ ತೋರಿಸುವುದು ದೊಡ್ಡ ಖರ್ಚಲ್ಲ. ಇಂಗ್ಲೆಂಡಿನ ಕೌಂಟಿ ತಂಡಗಳು ಯೂಟ್ಯೂಬಿನಲ್ಲಿ ಹಾಗೆ ಮಾಡುತ್ತಿವೆ. ಕ್ರಿಕೆಟ್ ಮಂಡಳಿ ಮನಸ್ಸು ಮಾಡಬೇಕು.

ನಾನು ಬಿ.ಎ. ವಿದ್ಯಾರ್ಥಿನಿ. ಕನ್ನಡದಲ್ಲಿ ವೀಕ್ಷಕ ವಿವರಣೆ ಮಾಡುವ ಆಸೆ. ಆಟಗಾರ್ತಿ ಅಲ್ಲ. ದಾರಿ ಇದೆಯೇ? (ಮಂಜೇಶ್ವರ)

ಇದೆ. ಆಡಿದವರು ‘ಏಕೆ’ ಎಂಬುದನ್ನು ಹೇಳಲು ಬರುತ್ತಾರೆ, ‘ಏನು’ ಎಂಬುದನ್ನು ತಪ್ಪಿಲ್ಲದೆ ಹೇಳುವವರು ಬೇರೆ ಬೇಕು. ಪ್ರಾದೇಶಿಕ ಭಾಷೆಯ ವಿವರಣೆಕಾರರು ಹೆಚ್ಚಾಗಿ ಮೈದಾನದಲ್ಲಿ ಇರುವುದೇ ಇಲ್ಲ, ಸ್ಟುಡಿಯೋದಲ್ಲಿ ಪರದೆ ನೋಡಿ ಮಾತಾಡುತ್ತಾರೆ. ಮೈದಾನದಿಂದ ಚಿತ್ರ ಮತ್ತು ಗದ್ದಲ ಮಾತ್ರ ಬರುತ್ತದೆ, ಪ್ರತಿ ಭಾಷೆಯ ಮಾತು ಅದರ ಮೇಲೆ ಸೇರುತ್ತದೆ. ಕಿವಿಯಲ್ಲಿ ನಿರ್ಮಾಪಕರ ಧ್ವನಿ ನಡುನಡುವೆ ಬರುತ್ತಲೇ ಇರುತ್ತದೆ. ಅದನ್ನು ಕೇಳಿಕೊಂಡೇ ವಾಕ್ಯ ಮುಗಿಸುವುದು ಅಭ್ಯಾಸದಿಂದ ಬರಬೇಕು.

ಟಿವಿಯ ಧ್ವನಿ ಮುಚ್ಚಿ ದಿನಕ್ಕೆ 20 ನಿಮಿಷ ಮಾತಾಡಿ ಮೊಬೈಲಿನಲ್ಲಿ ದಾಖಲಿಸಿ. ಪರದೆಯಲ್ಲಿ ಕಾಣುವುದನ್ನೇ ಹೇಳುತ್ತಿದ್ದೀರಾ ನೋಡಿ. ರೇಡಿಯೋಕ್ಕೆ ಅದು ಬೇಕು, ಟಿವಿಗೆ ಬೇಡ. ನಿಮಗೆ ಕಾಸರಗೋಡು ಕೊಟ್ಟ ಬಂಡವಾಳವೊಂದಿದೆ. ಮಲಯಾಳ ಹೆಸರುಗಳನ್ನು ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಓದುವವರು ಆಲಪ್ಪುಳವನ್ನು ‘ಆಲಪ್ಪುಜ’ ಮಾಡುತ್ತಾರೆ, ನೀವು ಮಾಡುವುದಿಲ್ಲ. ತುಳುವಿನ ಮನೆಹೆಸರುಗಳೂ ನಿಮಗೆ ಸಲೀಸು. ಮೊದಲು ಊರಿನ ಕಬಡ್ಡಿ, ವಾಲಿಬಾಲ್ ಲೈವ್‌ಗಳಲ್ಲಿ ಮೈಕ್ ಹಿಡಿಯಿರಿ. ಆ ದಾಖಲೆಯಿಂದ ಮೂರು ನಿಮಿಷದ ತುಣುಕು ಆರಿಸಿ ಚಾನೆಲ್‌ಗಳಿಗೆ ಕಳಿಸಿ. ಅದರಲ್ಲಿ ಒಂದು ರೋಚಕ ಘಟ್ಟ ಇರಲಿ, ಏನೂ ನಡೆಯದ ಒಂದು ನಿಮಿಷವೂ ಇರಲಿ. ಆ ಸಪ್ಪೆ ನಿಮಿಷದಲ್ಲಿ ನೀವು ಏನು ಮಾತಾಡುತ್ತೀರಿ ಎಂದೇ ಅವರು ಕಿವಿಗೊಡುವುದು.