ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ಹೊಸ ಬೇಸ್ ಬಾಕ್ಸ್ ಭರ್ರೆನ್ನುವುದೇಕೆ?

ಪ್ರಶ್ನೆ: ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುತ್ತೇವೆ. ಬನಶಂಕರಿ ಜಾತ್ರೆಯ ನಾಟಕಗಳಿಗೆಂದು ಎರಡು ಹೊಸ ಬೇಸ್ ಬಾಕ್ಸ್ ಮಾಡಿಸಿದ್ದೇವೆ. ಒಂದೊಂದರಲ್ಲೂ 18 ಇಂಚಿನ, 8 ಓಮ್, 600 ವ್ಯಾಟ್ ಸ್ಪೀಕರ್ ಇದೆ. ಎರಡನ್ನೂ ಪ್ಯಾರಲಲ್ ಮಾಡಿ ಆಂಪ್ಲಿಫೈಯರ್‌ಗೆ ಬ್ರಿಜ್ ಮೋಡಿನಲ್ಲಿ (ಎರಡು ಚಾನೆಲ್ ಸೇರಿಸಿ ಒಂದಾಗಿ ಮಾಡಿ) ಕೊಟ್ಟಿದ್ದೇವೆ. ವಾಲ್ಯೂಮ್ ಅರ್ಧ ದಾಟಿದರೆ ಎರಡೂ ಭರ್ರೆನ್ನುತ್ತವೆ. ಒಂದಂತೂ ಸಣ್ಣ ದನಿಯಲ್ಲೇ ಕೆರೆದ ಸದ್ದು ಮಾಡುತ್ತದೆ. ಅಂಗಡಿಯವರು ದೊಡ್ಡ ಆಂಪ್ಲಿಫೈಯರ್ ತಗೊಳ್ಳಿ ಎನ್ನುತ್ತಾರೆ. ತಗೊಳ್ಳಬೇಕೇ?
– ಓದುಗರು, ಗುಳೇದಗುಡ್ಡ

ಉತ್ತರ: ಸದ್ಯಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ನಿಮ್ಮಲ್ಲಿ ಎರಡು ದೋಷ ಒಟ್ಟಿಗೆ ಸೇರಿಕೊಂಡಿವೆ. ಸಣ್ಣ ದನಿಯಲ್ಲೇ ಕೆರೆಯುವುದು ಬಾಕ್ಸಿನ ಅಥವಾ ಸ್ಪೀಕರಿನ ದೋಷ. ದನಿ ಏರಿಸಿದಾಗ ಮಾತ್ರ ಎರಡೂ ಒಡೆಯುವುದು ಆಂಪ್ಲಿಫೈಯರ್, ಸಿಗ್ನಲ್ ಅಥವಾ ಕರೆಂಟಿನ ಕಡೆಯದು. ದೊಡ್ಡ ಆಂಪ್ಲಿಫೈಯರ್ ತಂದರೆ ಮೊದಲನೆಯದು ಹೋಗುವುದಿಲ್ಲ, ಸ್ಪೀಕರೇ ಸುಟ್ಟೀತು.

ಮೊದಲು ಕೆರೆಯುವ ಬಾಕ್ಸ್ ನೋಡಿ. ಅದೊಂದನ್ನೇ ಜೋಡಿಸಿ, ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಿಂದ ಸೈನ್ ಟೋನನ್ನು ಸಣ್ಣ ದನಿಯಲ್ಲಿ 30ರಿಂದ 200 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರಿಸಿ. ಹಾಡು ಹಾಕಿದರೆ ಇದು ತಿಳಿಯುವುದಿಲ್ಲ, ಹಾಡಿನೊಳಗೆ ದೋಷ ಅಡಗಿಬಿಡುತ್ತದೆ. ಯಾವುದೋ ಒಂದೆರಡು ಫ್ರೀಕ್ವೆನ್ಸಿಯಲ್ಲಿ ಮಾತ್ರ ಗರಗರ ಬಂದರೆ ಏನೋ ಸಡಿಲವಿದೆ. ಜಾಲರಿ, ಹಿಡಿಕೆ, ಕನೆಕ್ಟರ್ ಪ್ಲೇಟುಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಒಳಗಿನ ವೈರು ಸ್ಪೀಕರಿನ ಕೋನಿನ (ಹಿಂದೆಮುಂದೆ ಅಲುಗುವ ಬಟ್ಟಲಿನ) ಬೆನ್ನಿಗೆ ತಾಗಿದರೂ ಇದೇ ಸದ್ದು ಬರುತ್ತದೆ. ಫುಸ್ ಎಂಬ ಗಾಳಿಯ ಸದ್ದಿದ್ದರೆ 40 ಹರ್ಟ್ಸ್ ಟೋನ್ ಬಿಟ್ಟು ಹೊತ್ತಿಸಿದ ಊದಿನಕಡ್ಡಿಯನ್ನು ಕೀಲುಗಳ ಉದ್ದಕ್ಕೂ, ಕನೆಕ್ಟರ್ ಪ್ಲೇಟಿನ ಸುತ್ತ ಹಿಡಿಯಿರಿ. ಹೊಗೆ ನಡುಗಿದಲ್ಲಿ ಸೋರಿಕೆಯಿದೆ, ಅಲ್ಲಿ ಸೀಲಂಟ್ ತುಂಬಿ. ಪೋರ್ಟಿನ (ಗಾಳಿಯಾಡಲೆಂದೇ ಬಾಕ್ಸಿಗೆ ಬಿಟ್ಟ ತೂತಿನ) ಬಾಯಲ್ಲಿ ಹೊಗೆ ಅಲುಗುವುದು ಸಹಜ, ಅದನ್ನು ಲೆಕ್ಕಕ್ಕೆ ತಗೊಳ್ಳಬೇಡಿ.

ಎಲ್ಲ ಫ್ರೀಕ್ವೆನ್ಸಿಯಲ್ಲೂ ಕೆರೆದರೆ ಕೋನಿನ ಹಿಂದಿರುವ ತಂತಿಯ ಸುರುಳಿ, ಅಂದರೆ ಕಾಯಿಲ್, ಉಜ್ಜುತ್ತಿದೆ ಎಂದರ್ಥ. ಆಂಪ್ಲಿಫೈಯರಿನ ವೈರು ಬಿಚ್ಚಿ, ಡಸ್ಟ್ ಕ್ಯಾಪಿನ (ಕೋನಿನ ನಡುವಿನ ಮುಚ್ಚಳದ) ಎರಡೂ ಪಕ್ಕ ಬೆರಳುಗಳನ್ನು ಸಮನಾಗಿ ಇಟ್ಟು ಕೋನನ್ನು ಮೂರ್ನಾಲ್ಕು ಮಿಲಿಮೀಟರ್ ಮೆಲ್ಲಗೆ ಒಳಕ್ಕೆ ಒತ್ತಿ. ಮರಳು ತಿಕ್ಕಿದಂತೆ ಬೆರಳಿಗೆ ತಿಳಿಯುತ್ತದೆ. ಒಂದೇ ಬದಿಗೆ ಒತ್ತಿದರೆ ಒಳ್ಳೆಯ ಸ್ಪೀಕರೂ ಉಜ್ಜುತ್ತದೆ, ಎಚ್ಚರ. ಉಜ್ಜುವುದು ಖಚಿತವಾದ ಮೇಲೆ ಸ್ಪೀಕರಿನ ಬೋಲ್ಟುಗಳನ್ನೆಲ್ಲ ಅರ್ಧ ಸುತ್ತು ಸಡಿಲಿಸಿ ಮತ್ತೆ ಒತ್ತಿ ನೋಡಿ. ಉಜ್ಜುವಿಕೆ ನಿಂತರೆ ಸ್ಪೀಕರ್ ಚೆನ್ನಾಗಿದೆ, ಬಡಗಿ ಕೂರಿಸಿದ ರೀತಿ ಸರಿಯಿಲ್ಲ. ಹೊಸ ಬಾಕ್ಸುಗಳಲ್ಲಿ ಇದು ತುಂಬ ಸಾಮಾನ್ಯ: ಮುಂದಿನ ಹಲಗೆ ಸಪಾಟಾಗಿರುವುದಿಲ್ಲ, ಡ್ರಿಲ್ ಮಷೀನಿನಿಂದ ಒಂದೇ ಕಡೆಯ ಬೋಲ್ಟನ್ನು ಪೂರ್ತಿ ಬಿಗಿದಿರುತ್ತಾರೆ, ಫ್ರೇಮ್ ತುಸು ತಿರುಚಿ ಕಾಯಿಲ್ ಮ್ಯಾಗ್ನೆಟ್ಟಿಗೆ ತಾಗುತ್ತದೆ. ಗ್ಯಾಸ್ಕೆಟ್ ಫೋಮ್ ಹಾಕಿ, ಎದುರುಬದುರು ಬೋಲ್ಟುಗಳನ್ನು ಕೈಯಿಂದಲೇ ಸ್ವಲ್ಪಸ್ವಲ್ಪ ಬಿಗಿಯಿರಿ. ಬಾಕ್ಸಿನಿಂದ ಹೊರತೆಗೆದಾಗಲೂ ಉಜ್ಜಿದರೆ ವಾರಂಟಿಗೆ ಕಳಿಸಿ. ಸ್ಪೀಕರನ್ನೇ ನೀವು ಬಿಚ್ಚಿದರೆ ವಾರಂಟಿ ಹೋದಂತೆಯೇ.

ಇನ್ನು ಎರಡನೆಯ ದೋಷ. 8 ಓಮಿನ ಎರಡು ಬಾಕ್ಸ್ ಪ್ಯಾರಲಲ್ ಆದರೆ 4 ಓಮ್. ಬ್ರಿಜ್ ಮೋಡಿನಲ್ಲಿ ಆಂಪ್ಲಿಫೈಯರಿನ ಪ್ರತಿ ಅರ್ಧಕ್ಕೂ ಅದು 2 ಓಮಿನಂತೆ ಭಾರ ಬೀಳುತ್ತದೆ. ಬ್ರಿಜ್ ಮೋಡಿನಲ್ಲಿ 8 ಓಮಿಗಿಂತ ಕಡಿಮೆ ಲೋಡ್ ಕೊಡಬಾರದೆಂದು ಎಷ್ಟೋ ಆಂಪ್ಲಿಫೈಯರುಗಳ ಹಿಂದೆಯೇ ಬರೆದಿರುತ್ತದೆ, ಓದಿ ನೋಡಿ. ಸ್ಟೀರಿಯೋ ಮೋಡಿಗೆ ತಂದು ಒಂದು ಚಾನೆಲ್ಲಿಗೆ ಒಂದೇ ಬಾಕ್ಸ್ ಕೊಡಿ. ಮಲ್ಟಿಮೀಟರಿನಲ್ಲೂ ಒಂದೊಂದನ್ನೇ ಬಿಡಿಸಿ ಅಳೆಯಿರಿ: 8 ಓಮ್ ಸ್ಪೀಕರ್ ಸುಮಾರು 5.5ರಿಂದ 7 ತೋರಿಸಬೇಕು. 3ರ ಆಸುಪಾಸು ಬಂದರೆ ನಿಮಗೆ 4 ಓಮಿನದು ಕೊಟ್ಟಿದ್ದಾರೆ.

ಪೊಲಾರಿಟಿಯನ್ನೂ (ಪ್ಲಸ್-ಮೈನಸ್ ಜೋಡಣೆಯನ್ನೂ) ನೋಡದೆ ಬಿಡಬೇಡಿ. ಆಂಪ್ಲಿಫೈಯರಿನ ವೈರು ಬಿಚ್ಚಿಟ್ಟು 1.5 ವೋಲ್ಟಿನ ಸೆಲ್ಲನ್ನು ಸ್ಪೀಕರ್ ವೈರಿಗೆ ಕ್ಷಣ ಮಾತ್ರ ತಾಗಿಸಿ. ಪ್ಲಸ್ಸಿಗೆ ಪ್ಲಸ್ ಕೊಟ್ಟಾಗ ಎರಡೂ ಕೋನ್ ಒಂದೇ ದಿಕ್ಕಿಗೆ ಜಿಗಿಯಬೇಕು. ಒಂದು ಹೊರಕ್ಕೆ, ಇನ್ನೊಂದು ಒಳಕ್ಕೆ ಹೋದರೆ ಬೇಸ್ ಪರಸ್ಪರ ಕೊಂದುಕೊಳ್ಳುತ್ತದೆ. ಸಾಲದೆಂದು ನೀವು ಏರಿಸುತ್ತಾ ಹೋಗುತ್ತೀರಿ, ಆಂಪ್ಲಿಫೈಯರ್ ಕ್ಲಿಪ್ ಆಗುತ್ತದೆ, ಅಂದರೆ ಮಿತಿ ಮೀರಿ ದನಿ ಒಡೆಯುತ್ತದೆ.

ಆಮೇಲೆ ಈ ಕ್ಲಿಪ್ ತೋರಿಸುವ ಕೆಂಪು ದೀಪ. ಮಿಕ್ಸರಿನಲ್ಲೇ ಕೆಂಪು ಹತ್ತಿದರೆ ಆಂಪ್ಲಿಫೈಯರ್ ವಾಲ್ಯೂಮ್ ಇಳಿಸಿ ಉಪಯೋಗವಿಲ್ಲ, ಒಡೆದ ಸಿಗ್ನಲ್ ಮುಂದೆ ಸರಿಯಾಗುವುದಿಲ್ಲ. ಈಕ್ವಲೈಜರಿನಲ್ಲಿ 40 ಹರ್ಟ್ಸನ್ನು 6 ಡಿಬಿ ಎತ್ತಿದರೆ ಅಲ್ಲಿ ನಾಲ್ಕು ಪಟ್ಟು ಪವರ್ ಬೇಕು. ಮೊಬೈಲಿನ ಬೇಸ್ ಬೂಸ್ಟ್ ಬೇರೆ ಹತ್ತಿದ್ದರೆ ಕಥೆ ಮುಗಿಯಿತು. ಕ್ರಾಸ್‌ಓವರಿನಲ್ಲಿ (ಫ್ರೀಕ್ವೆನ್ಸಿಗಳನ್ನು ಬೇರ್ಪಡಿಸುವ ಸಾಧನದಲ್ಲಿ) ಮೇಲಿನ ಮಿತಿ 90–100, ಕೆಳಗಿನ ಮಿತಿ 30–35 ಹರ್ಟ್ಸ್ ಇಡಿ. ಪೋರ್ಟ್ ಇರುವ ಬಾಕ್ಸಿನಲ್ಲಿ ಟ್ಯೂನಿಂಗಿಗಿಂತ (ಪೋರ್ಟನ್ನು ಹೊಂದಿಸಿದ ಫ್ರೀಕ್ವೆನ್ಸಿಗಿಂತ) ಕೆಳಗೆ ಕೋನನ್ನು ಒಳಗಿನ ಗಾಳಿ ಹಿಡಿದಿಡುವುದಿಲ್ಲ. ಕಾಯಿಲ್ ಹಿಂದಿನ ಪ್ಲೇಟಿಗೆ ಬಡಿದು ಟಪ್ ಟಪ್ ಎನ್ನುತ್ತದೆ.

ಜಾತ್ರೆಯ ಟೆಂಟಿಗೆ ಕರೆಂಟಿನ ಉದ್ದ ವೈರು ಎಳೆಯುವವರಿಗೆ ಇನ್ನೊಂದು ಲೆಕ್ಕ. 1 ಚದರ ಮಿಲಿಮೀಟರ್ ತಾಮ್ರದ ವೈರು 50 ಮೀಟರ್ ದೂರಕ್ಕೆ ಹೋಗಿ ಬಂದರೆ ಸುಮಾರು 1.8 ಓಮ್. 10 ಆಂಪಿಯರಿಗೆ 18 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 2.5 ಚದರ ಮಿಲಿಮೀಟರಿನದಾದರೆ 7 ವೋಲ್ಟಿನಷ್ಟು. ಜೋರು ದನಿ ಬರುವಾಗಲೇ ಆಂಪ್ಲಿಫೈಯರಿನ ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆಯಿರಿ, ಸುಮ್ಮನಿದ್ದಾಗ ಎಲ್ಲವೂ 230 ತೋರಿಸುತ್ತದೆ. ಇಷ್ಟೆಲ್ಲ ಆದಮೇಲೂ ದನಿ ಸಾಲದಿದ್ದರೆ ಆಗ ಆಂಪ್ಲಿಫೈಯರ್ ಮಾತಾಡೋಣ.

ಪ್ರಶ್ನೆ: ಬೇಸಿಗೆಯಲ್ಲಿ ಬಯಲು ಕಾರ್ಯಕ್ರಮಕ್ಕೆ ಹಚ್ಚಿದರೆ ತಾಸಿನ ಮೇಲೆ ಬೇಸ್ ಇಳಿಯುತ್ತದೆ. ಯಾಕೆ?
– ಓದುಗರು, ವಿಜಯಪುರ

ಉತ್ತರ: ಕಾಯಿಲ್ ಬಿಸಿಯಾಗುತ್ತಿದೆ. ತಾಮ್ರ 100 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಸುಮಾರು ಶೇ. 40 ಏರುತ್ತದೆ, ಮೊದಲಿನಷ್ಟು ಪವರ್ ಒಳಗೆ ಹೋಗುವುದಿಲ್ಲ. ದನಿ ಇಳಿಯಿತೆಂದು ಏರಿಸಿದರೆ ಕಾಯಿಲ್ ಸುಡುತ್ತದೆ. ನಿಮ್ಮಲ್ಲಿ ಗಾಳಿಯೇ 40 ಡಿಗ್ರಿ ದಾಟುವ ದಿನಗಳಲ್ಲಿ ಬಾಕ್ಸ್ ನೆರಳಿನಲ್ಲಿಡಿ, 3 ಡಿಬಿ ಇಳಿಸಿ. ಪವರ್ ಅರ್ಧವಾದರೂ ಕಿವಿಗೆ ಅರ್ಧವೆನಿಸುವುದಿಲ್ಲ.

ಪ್ರಶ್ನೆ: ಬೇಸ್ ಬಾಕ್ಸಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಾಕೇ, ಪ್ಲೈವುಡ್ಡೇ ಬೇಕೇ?
– ಓದುಗರು, ಬೆಳಗಾವಿ

ಉತ್ತರ: ಮನೆಯೊಳಗೆ ಎಂಡಿಎಫ್ ಸಾಕು. ಬಾಡಿಗೆಗೆ ತಿರುಗುವ ಬಾಕ್ಸಿಗೆ 18 ಮಿಲಿಮೀಟರ್ ಪ್ಲೈವುಡ್ಡೇ ಇರಲಿ. ಬೆಳಗಾವಿಯ ಮಳೆಗಾಲದಲ್ಲಿ ಎಂಡಿಎಫ್ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ದೊಡ್ಡ ಹಲಗೆಗಳ ನಡುವೆ ಒಳಗಿನಿಂದ ಆಧಾರಪಟ್ಟಿ ಹಾಕಿಸಿ, ಬೋಲ್ಟುಗಳಿಗೆ ಟಿ-ನಟ್ (ಹಲಗೆಯ ಹಿಂದೆ ಕಚ್ಚಿಕೊಳ್ಳುವ ನಟ್) ಕೂರಿಸಿ.