ಗೂಡಿಗೆ ಉಸಿರೆಲ್ಲಿದೆ?

ಶಿಡ್ಲಘಟ್ಟದ ಓದುಗರೊಬ್ಬರು ಬರೆದಿದ್ದಾರೆ: "ನಾನು ರೇಷ್ಮೆ ನೂಲು ಬಿಚ್ಚುವವನು. ಗೂಡಿಗೆ ಹಬೆ ಕೊಡೋದನ್ನು ಇಂಗ್ಲಿಷ್ ಕೈಪಿಡಿಯಲ್ಲಿ 'ಸ್ಟೈಫ್ಲಿಂಗ್' ಎಂದಿದ್ದಾರೆ. ಮಗಳು ನಿಘಂಟು ನೋಡಿ, ಸ್ಟೈಫಲ್ ಅಂದ್ರೆ ಉಸಿರುಗಟ್ಟಿಸು ಅಂದಳು. ಗೂಡಿಗೆ ಉಸಿರೆಲ್ಲಿದೆ ಸ್ವಾಮಿ?"

ಉತ್ತರ: ಗೂಡಿಗಿಲ್ಲ, ಒಳಗಿರುವ ಹುಳುವಿಗಿದೆ. ಚಂದ್ರಿಕೆಯಲ್ಲಿ (ಹುಳು ಗೂಡು ಕಟ್ಟಲೆಂದು ಇಡುವ ತಟ್ಟಿ) ಗೂಡು ಕಟ್ಟಿದ ಹುಳುವನ್ನು ಹಾಗೇ ಬಿಟ್ಟರೆ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆಯಾಗಿ, ಬಾಯಿಂದ ರಸ ಬಿಟ್ಟು, ಗೂಡು ತೂತು ಮಾಡಿ ಹೊರಗೆ ಬರುತ್ತದೆ. ಒಳ್ಳೆಯ ದ್ವಿತಳಿ (ಬೈವೋಲ್ಟೈನ್ ಜಾತಿಯ) ಗೂಡಿನಲ್ಲಿ 1000 ಮೀಟರಿನಷ್ಟು ಎಳೆ ಇರುತ್ತದೆ. ತೂತು ಬಿದ್ದ ಗೂಡಿನಿಂದ ಅದನ್ನು ಒಂದೇ ಎಳೆಯಾಗಿ ಬಿಚ್ಚಲಾಗದು ಅಂತ ನಿಮಗೆ ನಾನು ಹೇಳಬೇಕಾ! ಅದಕ್ಕೇ, ಚಿಟ್ಟೆಯಾಗುವ ಮೊದಲೇ ಹುಳುವನ್ನು ಸಾಯಿಸಲು, ಹಬೆ, ಇಲ್ಲವೇ ಬಿಸಿಗಾಳಿ.

ನಿಜ ಹೇಳಬೇಕೆಂದರೆ ಹುಳು ಸಾಯುವುದು ಕಾವಿಗೆ. ಆದರೂ ಇಂಗ್ಲಿಷಿನವರು ಉಸಿರನ್ನೇ ಹಿಡಿದರು. ಫ್ರೆಂಚರೂ ಅಷ್ಟೇ, ಅವರ 'ಎತುಫಾಜ್' ಎಂಬ ಮಾತಿಗೂ ಉಸಿರುಗಟ್ಟಿಸುವುದು ಎಂದೇ ಅರ್ಥ. ನಮ್ಮ 'ಹಬೆ ಕೊಡೋದು' ಕೆಲಸ ಹೇಳುತ್ತದೆ, ಸಾವನ್ನು ಹೇಳುವುದಿಲ್ಲ. ನೀವು ಅದನ್ನೇ ಬಳಸಿ. ಅನುವಾದ ಮಾಡುವವರು 'ಗೂಡಿನ ಉಸಿರುಗಟ್ಟಿಸುವಿಕೆ' ಎಂದು ಬರೆದರೆ ನಿಮ್ಮ ಮಾರುಕಟ್ಟೆಯಲ್ಲಿ ಯಾರಿಗೂ ತಿಳಿಯದು.

ಮಗಳಿಗೆ ಒಂದು ಮಾತು. ನಿಘಂಟಿನ ಒಂದೇ ಅರ್ಥ ಹಿಡಿದು ಹೊರಟರೆ ಎಡವುತ್ತಾಳೆ. ಆಕಳಿಕೆಯನ್ನು ಸ್ಟೈಫಲ್ ಮಾಡಿದ ಅಂದರೆ, ಬಂದ ಆಕಳಿಕೆಯನ್ನು ತಡೆದುಕೊಂಡ, ಅಷ್ಟೇ. ನಗುವಾದರೆ ನಾವು ನುಂಗುತ್ತೇವೆ, ಅಳುವಾದರೆ ಬಿಗಿಹಿಡಿಯುತ್ತೇವೆ, ಎದುರಾಡುವವರ ಬಾಯಿ ಮುಚ್ಚಿಸುತ್ತೇವೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಆ ಒಂದೇ ಪದ ಸಾಕು. ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡರೆ ಮಾತ್ರ ಅದು ನಡೆಯದು, ಅಲ್ಲಿ 'ಚೋಕ್' ಬೇಕು. ಇನ್ನು 'ಸಫೊಕೇಟ್': ತಾನಾಗಿ ಉಸಿರುಗಟ್ಟುವುದಕ್ಕೂ ಇನ್ನೊಬ್ಬರ ಉಸಿರುಗಟ್ಟಿಸುವುದಕ್ಕೂ ಅದೊಂದೇ. ನಮಗೆ ಆ ಕೆಲಸಕ್ಕೆ ಒಂದು 'ಇಸು' ಇದೆಯಲ್ವಾ, 'ಉಸಿರುಗಟ್ಟು'ಗೆ ಅದು ಸೇರಿದರೆ 'ಉಸಿರುಗಟ್ಟಿಸು'.

'ಸ್ಟೈಫ್ಲಿಂಗ್ ಹೀಟ್' ಅಂದರೆ ಗಾಳಿಯಾಡದ ಧಗೆ. ಅದನ್ನು ನಾನು ನಿಮ್ಮೂರಿನಲ್ಲೇ ಕಂಡೆ. ಒಮ್ಮೆ ಒಂದು ಬಿಚ್ಚಣಿಕೆ ಮನೆಯೊಳಗೆ ಹೋದೆ. ಕನ್ನಡಕ ಮಬ್ಬಾಯಿತು. ಬೆಂದ ಹುಳುವಿನ ವಾಸನೆ ಗಂಟಲಿಗೇ ಇಳಿಯಿತು. ಮರ್ಯಾದೆಗೆಂದು ಕೆಮ್ಮು ತಡೆದುಕೊಂಡು ನಿಂತೆ. ಬಿಸಿನೀರಲ್ಲಿ ಕೈಯಾಡಿಸಿ ಎಳೆ ಹುಡುಕುತ್ತಿದ್ದ ಅಮ್ಮ ನನ್ನ ಮುಖ ನೋಡಿ ನಗು ನುಂಗಿಕೊಂಡರು. ಎರಡೂ ಸ್ಟೈಫಲ್ಲೇ. ಮಗಳಿಗೆ ಇದನ್ನೇ ಉದಾಹರಣೆ ಕೊಡಿ.