ಬಳ್ಳಾರಿಯಂಥ ಊರಿನಲ್ಲಿ ಮಧ್ಯಮ ವರ್ಗ ಬಲಗೊಳ್ಳಲು ಸರ್ಕಾರ ಮೊದಲು ಏನು ಮಾಡಬೇಕು?

ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ ಬೇಕೇ ಬೇಕು. ಆದರೆ ಸರ್ಕಾರಿ ಹುದ್ದೆಗಳು ಎಲ್ಲರಿಗೂ ಸಾಲವು. ಸಣ್ಣ ಘಟಕಗಳಿಗೆ ದುಡಿದ ಹಣ ಹೊತ್ತಿಗೆ ಸರಿಯಾಗಿ ಕೈಸೇರಬೇಕು, ಮೊದಲ ಕೆಲಸ ಅದು.

ಇಲ್ಲಿನ ಜೀನ್ಸ್ ಉದ್ಯಮವನ್ನೇ ನೋಡಿ. ನಾಲ್ಕೈದು ಹೊಲಿಗೆ ಯಂತ್ರ ಇಟ್ಟುಕೊಂಡು ಜಾಬ್‌ವರ್ಕ್, ಅಂದರೆ ಬೇರೆಯವರ ಬಟ್ಟೆಯನ್ನು ಕೂಲಿಗೆ ಹೊಲಿದುಕೊಡುವ ಕೆಲಸ, ಮಾಡುವವರು ದಾರ, ಕರೆಂಟು ಬಿಲ್ಲು, ವಾರದ ಬಟವಾಡೆ ಎಲ್ಲವನ್ನೂ ಕೈಯಿಂದ ಹಾಕುತ್ತಾರೆ. ಸರಕು ಒಯ್ದವರು ತಿಂಗಳುಗಟ್ಟಲೆ ಸತಾಯಿಸಿದರೆ ಕೈಸಾಲವೇ ಗತಿ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕರಾರು ಏನೇ ಇರಲಿ, ಹಣ ಕೊಡುವುದು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ದೂರು ಕೊಟ್ಟರೆ ಮುಂದಿನ ಆರ್ಡರ್ ಕೈತಪ್ಪುವ ಭಯ. ಹಾಗಾಗಿ ದೂರಿಗೆ ಕಾಯದೆ ಖರೀದಿದಾರರ ಲೆಕ್ಕಪತ್ರದಿಂದಲೇ ಬಾಕಿ ಪತ್ತೆ ಹಚ್ಚಬೇಕು. ಇಂಥ ಘಟಕಗಳಿಗೆ ಸರ್ಕಾರಿ ಗುರುತು ಕೊಡುವ ಉದ್ಯಮ್ ನೋಂದಣಿಯನ್ನೂ ಓಣಿಗೇ ಬಂದು ಮಾಡಿಕೊಡಬೇಕು.